ಡಿಸ್ಕಿನಲ್ಲಿ ವಾಪಸ್ ಬಂದ ಮೌನ: ಫ್ರಿಟ್ಸ್ ಲಾಂಗ್ ಅವರ ‘ಎಂ’

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಹೊರಗೆ ಜೋರು ಮಳೆ, ಆದರೂ ಇಷ್ಟು ಜನ ಬಂದಿದ್ದೀರಿ. ಬಹಳ ಖುಷಿಯಾಯಿತು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಜರ್ಮನಿಯಲ್ಲಿ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಎಂ’ ಸಿನಿಮಾದ ಬ್ಲೂ-ರೇ ಡಿಸ್ಕ್ ಹಾಕಿಕೊಂಡು ಕೂತಿದ್ದೆ. ಮಕ್ಕಳನ್ನು ಕೊಲ್ಲುವ ಒಬ್ಬನನ್ನು ಊರೆಲ್ಲ ಹುಡುಕುವ ಕಥೆ ಅದು. ಯಾರ ನಿದ್ದೆಯೂ ಕೆಡದಿರಲಿ ಅಂತ ಹೆಡ್‌ಫೋನ್ ಹಾಕಿಕೊಂಡಿದ್ದೆ. ಪೊಲೀಸರು ರಾತ್ರಿ ದಾಳಿಗೆ ಬರುವ ದೃಶ್ಯ ಬಂತು. ಕತ್ತಲೆ ಬೀದಿ, ಸಾಲುಗಟ್ಟಿ ಬರುವ ಪೊಲೀಸರು. ಇದ್ದಕ್ಕಿದ್ದ ಹಾಗೆ ಕಿವಿಯಲ್ಲಿ ಏನೂ ಇಲ್ಲ. ಬೂಟಿನ ಸದ್ದಿಲ್ಲ. ಹಳೆಯ ಸಿನಿಮಾಗಳಲ್ಲಿ ಸದಾ ಇರುವ ಆ ‘ಸ್ಸ್’ ಅನ್ನುವ ಸದ್ದೂ ಇಲ್ಲ. ವೈರ್ ಸಡಿಲವಾಗಿರಬೇಕು ಅಂದುಕೊಂಡು ಎದ್ದು ಹೋಗಿ ಪಿನ್ ಒತ್ತಿದೆ. ಅಷ್ಟರಲ್ಲಿ ಒಂದು ಸೀಟಿ ಕಿವಿ ಸೀಳಿತು. ಬೆಚ್ಚಿಬಿದ್ದೆ. ವೈರ್ ಸರಿಯಾಗಿಯೇ ಇತ್ತು.

ಅದಕ್ಕೂ ಮೊದಲು ಇದೇ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೆ. ಒಂದು ಅಗ್ಗದ ಡಿಸ್ಕಿನಲ್ಲಿ. ಚಿತ್ರ ಮಸುಕು, ಸಬ್‌ಟೈಟಲ್ ಅರ್ಧಂಬರ್ಧ. ಕಥೆ ಗೊತ್ತಾಗಿತ್ತು, ಒಳ್ಳೆಯ ಸಿನಿಮಾ ಅಂತಲೂ ಅನಿಸಿತ್ತು. ಆದರೆ ಇಂಥ ಮೌನದ ನೆನಪೇ ಇರಲಿಲ್ಲ. ಆ ರಾತ್ರಿಯ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಲಾಂಗ್ ತನ್ನ ಮೊದಲ ಮಾತಿನ ಸಿನಿಮಾವನ್ನು ಕಟ್ಟಿದ್ದು ಮೌನದ ಮೇಲೆ. ಆ ಮೌನವನ್ನು ಎಷ್ಟೋ ವರ್ಷ ನೋಡುಗರಿಗೆ ಕೇಳದ ಹಾಗೆ ಮಾಡಲಾಗಿತ್ತು. ಅದನ್ನು ನಮ್ಮ ಮನೆಯ ಕೋಣೆಗೆ ವಾಪಸ್ ತಂದುಕೊಟ್ಟಿದ್ದು ಒಂದು ಡಿಸ್ಕ್. ಇವತ್ತು ನಾನು ಮಾತಾಡುವುದೆಲ್ಲ ಇದರ ಬಗ್ಗೆಯೇ.

‘ಎಂ’ ಮೊದಲು ತೆರೆ ಕಂಡಿದ್ದು 1931ರ ಮೇ 11ರಂದು, ಬರ್ಲಿನ್ನಿನ ಊಫಾ ಪಲಾಸ್ಟ್ ಆಮ್ ತ್ಸೋ ಚಿತ್ರಮಂದಿರದಲ್ಲಿ. ಆ ವರ್ಷ ನಮಗೂ ನೆನಪಿರುವ ವರ್ಷ. ಭಾರತದ ಮೊದಲ ಮಾತಿನ ಸಿನಿಮಾ ‘ಆಲಂ ಆರಾ’ ಮುಂಬೈಯಲ್ಲಿ ಬಿಡುಗಡೆಯಾಗಿದ್ದು ಅದೇ 1931ರ ಮಾರ್ಚ್ 14ರಂದು, ‘ಎಂ’ಗಿಂತ ಎರಡು ತಿಂಗಳು ಮೊದಲು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದಿದ್ದು 1934ರಲ್ಲಿ. ಈ ಎರಡೂ ಸಿನಿಮಾಗಳ ಒಂದು ಪ್ರತಿಯೂ ಇವತ್ತು ನಮ್ಮ ಕೈಯಲ್ಲಿಲ್ಲ. ಸುಬ್ಬಯ್ಯ ನಾಯ್ಡು ಅವರ ದನಿ ಆ ಮೊದಲ ಸಿನಿಮಾದಲ್ಲಿ ಹೇಗೆ ಕೇಳಿಸುತ್ತಿತ್ತೋ ನಮಗೆ ಇನ್ನು ಗೊತ್ತಾಗುವ ಹಾಗಿಲ್ಲ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಹಾಗಾಗಿಯೇ, ಅದೇ ಕಾಲದ ಒಂದು ಸಿನಿಮಾವನ್ನು ಇನ್ನೊಂದು ದೇಶದವರು ಹೇಗೆ ಹುಡುಕಿ, ತೊಳೆದು, ಜೋಡಿಸಿ ಉಳಿಸಿಕೊಂಡರು ಅನ್ನುವುದು ನನಗೆ ಬರೀ ತಾಂತ್ರಿಕ ವಿಷಯ ಅಲ್ಲ.

ಲಾಂಗ್ ಹುಟ್ಟಿದ್ದು ವಿಯೆನ್ನಾದಲ್ಲಿ, 1890ರಲ್ಲಿ. ‘ಮೆಟ್ರೊಪೊಲಿಸ್’ ಮಾಡಿದವರು ಅಂದರೆ ಬಹಳ ಜನರಿಗೆ ಗೊತ್ತಾಗುತ್ತದೆ. ಅದು 1927ರ ಮೂಕಿ ಚಿತ್ರ. 1929ರಲ್ಲಿ ಅವರು ಚಂದ್ರನಿಗೆ ಹೋಗುವ ಕಥೆಯ ಇನ್ನೊಂದು ಮೂಕಿ ಮಾಡಿದರು. ಅಷ್ಟರಲ್ಲಿ ಮಾತಿನ ಸಿನಿಮಾದ ಅಲೆ ಎದ್ದಿತ್ತು. ರಾಕೆಟ್ ಹಾರುವಾಗಲಾದರೂ ಸದ್ದು ಸೇರಿಸಿ ಅಂತ ಊಫಾ ಕಂಪನಿ ಕೇಳಿತು. ಲಾಂಗ್ ಒಪ್ಪಲಿಲ್ಲ. ಸಂಬಂಧ ಕೆಟ್ಟಿತು, ಅವರು ಊಫಾ ಬಿಟ್ಟರು. ನೀರೋ ಫಿಲ್ಮ್ ಅನ್ನುವ ಚಿಕ್ಕ ಕಂಪನಿಗೆ ‘ಎಂ’ ಮಾಡಿದರು. ಬರ್ಲಿನ್ನಿನ ಅಂಚಿನ ಸ್ಟಾಕೆನ್‌ನಲ್ಲಿ ಹಿಂದೆ ಜೆಪ್ಪೆಲಿನ್ ಹವಾನೌಕೆಗಳನ್ನು ನಿಲ್ಲಿಸುತ್ತಿದ್ದ ದೊಡ್ಡ ಶೆಡ್ಡಿನಲ್ಲಿ ಶೂಟಿಂಗ್ ನಡೆಯಿತು.

ಸದ್ದು ಬೇಡ ಅಂತ ಜಗಳ ಮಾಡಿ ಬಂದ ಮನುಷ್ಯ ಮುಂದಿನ ಸಿನಿಮಾದಲ್ಲೇ ಸದ್ದನ್ನು ಕೈಗೆತ್ತಿಕೊಂಡರು. ಆದರೆ ಆಗ ಬೇರೆಯವರು ಮಾಡುತ್ತಿದ್ದ ಹಾಗಲ್ಲ. ಆ ಹೊತ್ತಿನ ಹೆಚ್ಚಿನ ಟಾಕಿಗಳಲ್ಲಿ ಹಾಡು, ಮಾತು, ಮತ್ತೆ ಹಾಡು. ದುಡ್ಡು ಕೊಟ್ಟು ಸದ್ದು ಕೇಳಲು ಬಂದಿದ್ದಾರೆ, ಒಂದು ಕ್ಷಣವೂ ಖಾಲಿ ಬಿಡಬೇಡಿ ಅನ್ನುವ ಹಾಗೆ. ಲಾಂಗ್ ‘ಎಂ’ನಲ್ಲಿ ಹಿನ್ನೆಲೆ ಸಂಗೀತವನ್ನೇ ಇಡಲಿಲ್ಲ. ಎಲ್ಲಿ ಸದ್ದು ಬೇಕೋ ಅಲ್ಲಿ ಮಾತ್ರ ಸದ್ದು. ಬೇಡದ ಕಡೆ ಪೂರ್ತಿ ಖಾಲಿ.

ಈಗ ಮೊದಲ ಏಳೆಂಟು ನಿಮಿಷ ಸ್ವಲ್ಪ ಹತ್ತಿರದಿಂದ ನೋಡೋಣ. ನನ್ನ ಪ್ರಕಾರ ಸಿನಿಮಾ ಚರಿತ್ರೆಯಲ್ಲಿ ಇದಕ್ಕೆ ಸಾಟಿಯಾದ ಶುರು ಬಹಳ ಕಡಿಮೆ.

ಪರದೆ ಇನ್ನೂ ಕಪ್ಪು. ಒಂದು ಹುಡುಗಿಯ ದನಿ ಕೇಳಿಸುತ್ತದೆ. ಆಮೇಲೆ ಚಿತ್ರ ಬರುತ್ತದೆ. ಬಡವರ ವಠಾರದ ಅಂಗಳದಲ್ಲಿ ಮಕ್ಕಳು ಸುತ್ತ ನಿಂತಿದ್ದಾರೆ. ನಡುವೆ ಒಬ್ಬಳು ಬೆರಳು ತೋರಿಸುತ್ತ ಎಣಿಸುತ್ತಿದ್ದಾಳೆ. ಪದ್ಯದ ಕೊನೆಯ ಮಾತು ಯಾರ ಮೇಲೆ ಬೀಳುತ್ತದೋ ಅವರು ಔಟ್. ನಾವೂ ಹೀಗೆ ಎಣಿಸಿ ಆಡಿದವರೇ, ಅಲ್ವಾ? ಆದರೆ ಪದ್ಯ ಭಯಂಕರ. ಸ್ವಲ್ಪ ತಡಿ, ಕರಿ ಮನುಷ್ಯ ಸಣ್ಣ ಕೊಡಲಿ ಹಿಡಿದು ಬರ್ತಾನೆ, ನಿನ್ನನ್ನು ಕೊಚ್ಚಿ ಹಾಕ್ತಾನೆ ಅಂತ. ನಮ್ಮ ಗುಮ್ಮನ ಹಾಗೆ ಅನ್ನೋಣ. ಆದರೆ ಈ ಗುಮ್ಮ ಕಲ್ಪನೆ ಅಲ್ಲ. ಹಾನೋವರ್ ಊರಿನಲ್ಲಿ ಹುಡುಗರನ್ನು ಕೊಂದ ಫ್ರಿಟ್ಸ್ ಹಾರ್ಮಾನ್ ಅನ್ನುವವನ ಮೇಲೆ ಜನ ಕಟ್ಟಿದ ಹಾಡು ಅದು. ಅವನಿಗೆ 1925ರಲ್ಲಿ ಮರಣದಂಡನೆಯಾಯಿತು. ಆರು ವರ್ಷದಲ್ಲಿ ಅದು ಮಕ್ಕಳ ಆಟದ ಪದ್ಯವಾಗಿತ್ತು.

ಮೇಲಿನ ಮೊಗಸಾಲೆಯಿಂದ ಬಟ್ಟೆಯ ಬುಟ್ಟಿ ಹಿಡಿದ ಹೆಂಗಸೊಬ್ಬಳು ಗದರುತ್ತಾಳೆ: ಆ ಹಾಳು ಹಾಡು ಹೇಳಬೇಡಿ ಅಂತ ಎಷ್ಟು ಸಲ ಹೇಳಬೇಕು! ಮಕ್ಕಳು ಸುಮ್ಮನಾಗುತ್ತಾರೆ, ಅವಳು ಮರೆಯಾದ ಕೂಡಲೇ ಮತ್ತೆ ಶುರು. ಅವಳು ಬುಟ್ಟಿ ಹೊತ್ತು ಮಹಡಿ ಹತ್ತಿ ಬೆಕ್‌ಮಾನ್ ಅನ್ನುವವಳ ಮನೆಗೆ ಬರುತ್ತಾಳೆ. ಬೆಕ್‌ಮಾನ್ ಬೇರೆಯವರ ಬಟ್ಟೆ ಒಗೆದು ಜೀವನ ಮಾಡುವವಳು. ಈ ಮಕ್ಕಳು ಆ ಹಾಡು ಬಿಡುವುದೇ ಇಲ್ಲವಲ್ಲ ಅಂತ ಬುಟ್ಟಿ ತಂದವಳು ಗೊಣಗುತ್ತಾಳೆ. ಅದಕ್ಕೆ ಬೆಕ್‌ಮಾನ್ ಹೇಳುವ ಮಾತು ಇದು: ಅವರು ಹಾಡುವುದು ಕೇಳಿಸುತ್ತಿರುವವರೆಗೂ ಅವರು ಇದ್ದಾರೆ ಅನ್ನುವುದಾದರೂ ಗೊತ್ತಾಗುತ್ತಲ್ಲ.

ಕಿವಿಗೆ ಬಿದ್ದರೆ ಮಗು ಇದೆ. ಬೀಳದಿದ್ದರೆ? ಇಡೀ ಸಿನಿಮಾ ಆ ಒಂದು ಮಾತಿನಿಂದ ಬೆಳೆಯುತ್ತದೆ. ಮುಂದೆ ಬರುವ ಪ್ರತಿ ಸದ್ದನ್ನೂ ಪ್ರತಿ ಮೌನವನ್ನೂ ನಾವು ಈ ತಾಯಿಯ ಕಿವಿಯಲ್ಲೇ ಕೇಳುತ್ತೇವೆ.

ಗೋಡೆಯ ಮೇಲೆ ಕುಕ್ಕೂ ಗಡಿಯಾರ 12 ಹೊಡೆಯುತ್ತದೆ. ತಾಯಿಯ ಮುಖದಲ್ಲಿ ನಗು, ಶಾಲೆ ಬಿಡುವ ಹೊತ್ತು. ಅವಳು ಕೈ ಒರೆಸಿಕೊಂಡು ಊಟಕ್ಕೆ ತಟ್ಟೆ ಇಡುತ್ತಾಳೆ. ಇತ್ತ ಅವಳ ಮಗಳು ಎಲ್ಸಿ ಚೆಂಡು ಪುಟಿಸುತ್ತ ನಡೆದು ಬರುತ್ತಾಳೆ. ರಸ್ತೆ ದಾಟಿಸಲು ಒಬ್ಬ ಪೊಲೀಸ್ ಸಹಾಯ ಮಾಡುತ್ತಾನೆ. ಮುಂದೆ ಜಾಹೀರಾತು ಅಂಟಿಸುವ ದುಂಡನೆಯ ಕಂಬ. ಚೆಂಡನ್ನು ಅದಕ್ಕೆ ಹೊಡೆದು ಹಿಡಿಯುತ್ತಾಳೆ. ಕಂಬದ ಮೇಲಿನ ನೋಟಿಸು ನಮಗೆ ಕಾಣುತ್ತದೆ: ಕೊಲೆಗಾರನನ್ನು ಹಿಡಿದುಕೊಟ್ಟರೆ 10,000 ಮಾರ್ಕ್ ಬಹುಮಾನ. ಆ ನೋಟಿಸಿನ ಮೇಲೆಯೇ ಟೋಪಿ ಹಾಕಿದ ಒಬ್ಬ ಮನುಷ್ಯನ ನೆರಳು ಬೀಳುತ್ತದೆ. ಮೆದು ದನಿ. ಎಷ್ಟು ಚೆಂದದ ಚೆಂಡು, ನಿನ್ನ ಹೆಸರೇನು?

ಆಮೇಲೆ ನಾವು ಹೆಚ್ಚಾಗಿ ತಾಯಿಯ ಜೊತೆಗೇ ಇರುತ್ತೇವೆ. ಮೆಟ್ಟಿಲ ಮೇಲೆ ಮಕ್ಕಳ ಕಾಲ ಸದ್ದು, ಓಡಿ ಬಂದು ನೋಡುತ್ತಾಳೆ, ಎಲ್ಸಿ ಇಲ್ಲ. ಬಾಗಿಲ ಬೆಲ್ ಆಗುತ್ತದೆ, ಧಾರಾವಾಹಿ ಕಥೆಯ ಪುಸ್ತಕ ಮಾರುವವನು. ಗಡಿಯಾರ ಒಂದೂ ಕಾಲು ತೋರಿಸುತ್ತದೆ. ತಾಯಿ ಕಿಟಕಿ ತೆರೆದು ಕರೆಯುತ್ತಾಳೆ. ಎಲ್ಸಿ! ಎಲ್ಸಿ! ಆ ಕೂಗಿನ ಮೇಲೆ ಲಾಂಗ್ ತೋರಿಸುವುದು ಬರೀ ಖಾಲಿ ಜಾಗಗಳನ್ನು. ಮೇಲಿನಿಂದ ಕಾಣುವ ಖಾಲಿ ಮೆಟ್ಟಿಲು. ಬಟ್ಟೆ ಒಣಹಾಕುವ ಖಾಲಿ ಅಟ್ಟ. ಊಟದ ಮೇಜಿನಲ್ಲಿ ಎಲ್ಸಿಯ ಖಾಲಿ ಕುರ್ಚಿ, ಮುಟ್ಟದ ತಟ್ಟೆ. ಕೂಗು ದೂರವಾಗುತ್ತ ಹೋಗಿ ನಿಂತೇ ಹೋಗುತ್ತದೆ. ಪೊದೆಯ ಕಡೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಅವನು ಕೊಡಿಸಿದ್ದ ಬಲೂನು ಟೆಲಿಗ್ರಾಫ್ ತಂತಿಗೆ ಸಿಕ್ಕಿಕೊಂಡು ಒದ್ದಾಡಿ, ಬಿಡಿಸಿಕೊಂಡು ಗಾಳಿಗೆ ಹೋಗುತ್ತದೆ.

ಸದ್ದಿಲ್ಲ. ಹಿಂಸೆಯ ಒಂದು ಚೂರನ್ನೂ ತೋರಿಸಿಲ್ಲ. ನನಗೆ ಒಬ್ಬ ಮಗಳಿದ್ದಾಳೆ. ಈ ಜಾಗ ಬಂದಾಗ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಈಗ ಯೋಚನೆ ಮಾಡಿ. ಆ ಚೆಂಡು ಉರುಳುವಾಗ ಯಾರಾದರೂ ಅಲ್ಲಿ ಹಕ್ಕಿಯ ಸದ್ದೋ ಪಿಟೀಲೋ ತಂದು ತುರುಕಿದರೆ ಏನಾಗುತ್ತದೆ? 1960ರ ಹೊತ್ತಿಗೆ ಜರ್ಮನಿಯಲ್ಲಿ ಈ ಸಿನಿಮಾ ಮತ್ತೆ ಬಿಡುಗಡೆಯಾದಾಗ ಅಂಥದ್ದೇ ಕೆಲಸ ನಡೆಯಿತು. ಸದ್ದಿಲ್ಲದ ದೃಶ್ಯಗಳು ಆ ಕಾಲದ ವಿತರಕರಿಗೆ ತಪ್ಪಿನ ಹಾಗೆ ಕಂಡವು. ಸದ್ದು ಸೇರಿಸಿದರು. ಶುರುವಿನ ಶೀರ್ಷಿಕೆಗಳನ್ನು ಬದಲಿಸಿದರು. ಅಲ್ಲಲ್ಲಿ ಕತ್ತರಿಸಿದರು. 1931ರಲ್ಲಿ ಸೆನ್ಸಾರ್ ಮುಂದೆ ಹೋದಾಗ ಸಿನಿಮಾ 3,208 ಮೀಟರ್ ಇತ್ತು, ಅಂದರೆ 117 ನಿಮಿಷ. ಈ ಹೊಸ ರೂಪ ನೂರು ನಿಮಿಷವನ್ನೂ ಮುಟ್ಟುತ್ತಿರಲಿಲ್ಲ. ಮುಂದೆ ಎಷ್ಟೋ ವರ್ಷ ಜನ ನೋಡಿದ್ದು ಇಂಥ ಪ್ರತಿಗಳಿಂದ ಬಂದಿದ್ದನ್ನೇ. ಹಾಗೆ ಮಾಡಿದವರದು ಕೆಟ್ಟ ಮನಸ್ಸು ಅಂತ ನಾನು ಹೇಳುವುದಿಲ್ಲ. ಹಳೆಯ ಸಿನಿಮಾವನ್ನು ಹೊಸ ಜನಕ್ಕೆ ತೋರಿಸುವ ಆಸೆ ಇರಬಹುದು. ಆದರೆ ದೊಡ್ಡ ಅನ್ಯಾಯ ಆಯಿತು.

ಕೆಟ್ಟಿದ್ದು ಸದ್ದು ಮಾತ್ರ ಅಲ್ಲ, ಚಿತ್ರದ ಆಕಾರವೂ ಹೋಯಿತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನೆಯಲ್ಲಿ ಡಿಸ್ಕ್ ಹಾಕಿದಾಗ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೂಕಿ ಕಾಲದಲ್ಲಿ 35 ಎಂಎಂ ರೀಲಿನ ರಂಧ್ರಗಳ ನಡುವಿನ ಜಾಗವೆಲ್ಲ ಚಿತ್ರಕ್ಕೆ ಸೇರಿತ್ತು. ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಸದ್ದನ್ನು ರೀಲಿನ ಮೇಲೆಯೇ ಬರೆಯಲು ಶುರು ಮಾಡಿದಾಗ ಅದಕ್ಕೆ ಒಂದು ಪಟ್ಟಿ ಬೇಕಾಯಿತು. ಸುಮಾರು ಎರಡೂವರೆ ಮಿಲಿಮೀಟರ್. ಆ ಪಟ್ಟಿಯ ಮೂಲಕ ಬೆಳಕು ಹಾಯುತ್ತದೆ, ಬೆಳಕು ಹೆಚ್ಚು ಕಡಿಮೆ ಆದ ಹಾಗೆ ಒಂದು ಫೋಟೋ ಸೆಲ್ ಅದನ್ನು ವಿದ್ಯುತ್ತಾಗಿ ಮಾಡುತ್ತದೆ, ಸ್ಪೀಕರ್ ಅದನ್ನು ಸದ್ದಾಗಿ ಮಾಡುತ್ತದೆ. ಈ ದಾರಿಯಲ್ಲಿ ಮೊದಲೇ ದುಡಿದವರು ಜರ್ಮನಿಯ ಮೂವರು, ಎಂಗಲ್, ಮಸೊಲ್ಲೆ, ಫೋಗ್ಟ್. 1922ರಲ್ಲೇ ಬರ್ಲಿನ್ನಿನಲ್ಲಿ ಜನರ ಮುಂದೆ ತೋರಿಸಿದ್ದರು. ಇರಲಿ. ಪಟ್ಟಿ ಬಂದಿದ್ದರಿಂದ ಚಿತ್ರದ ಅಗಲ ಕಡಿಮೆಯಾಯಿತು, ಎತ್ತರ ಹಾಗೇ ಉಳಿಯಿತು. ಹೆಚ್ಚು ಕಡಿಮೆ ಚೌಕ. ಲೆಕ್ಕದಲ್ಲಿ 1.19ಕ್ಕೆ 1. ‘ಎಂ’ನ ಕ್ಯಾಮೆರಾಮನ್ ಫ್ರಿಟ್ಸ್ ಆರ್ನೊ ವಾಗ್ನರ್ ಪ್ರತಿ ಶಾಟನ್ನೂ ಈ ಚೌಕಕ್ಕೇ ಕಟ್ಟಿದರು. 1932ರಲ್ಲಿ ಹಾಲಿವುಡ್ ಬೇರೆ ಅಳತೆ ಗೊತ್ತು ಮಾಡಿತು. ಮೇಲೆ ಕೆಳಗೆ ಮರೆಮಾಡಿ ಮತ್ತೆ ಅಡ್ಡ ಆಕಾರಕ್ಕೆ ತಂದರು. ಅದೇ ಎಲ್ಲ ಕಡೆ ಬಳಕೆಗೆ ಬಂತು. ಆಮೇಲೆ ‘ಎಂ’ನಂಥ ಚೌಕದ ಚಿತ್ರವನ್ನು ಆ ಅಳತೆಗೆ ಪ್ರಿಂಟ್ ಮಾಡಿದರೆ ಏನಾಗುತ್ತದೆ? ತಲೆ ಕತ್ತರಿಸುತ್ತದೆ, ಕಾಲು ಕತ್ತರಿಸುತ್ತದೆ. ಲಾಂಗ್ ತಲೆಯ ಮೇಲೆ ಬಿಟ್ಟಿದ್ದ ಖಾಲಿ ಗೋಡೆ, ಚಾವಣಿ ಎಲ್ಲ ಮಾಯ.

ಹಾಗಾಗಿ ಒಳ್ಳೆಯ ಡಿಸ್ಕ್ ಹಾಕಿದಾಗ ನಿಮ್ಮ ಅಗಲದ ಟಿವಿಯಲ್ಲಿ ಎಡಕ್ಕೂ ಬಲಕ್ಕೂ ದಪ್ಪ ಕಪ್ಪು ಪಟ್ಟಿ ಬರುತ್ತದೆ. ನಮ್ಮ ಮನೆಯಲ್ಲೂ ಕೇಳಿದರು, ದೊಡ್ಡ ಟಿವಿ ತಂದು ಅರ್ಧ ಪರದೆಯಲ್ಲಿ ನೋಡುತ್ತೀರಲ್ಲ ಅಂತ. ದಯವಿಟ್ಟು ರಿಮೋಟಿನಲ್ಲಿ ಝೂಮ್ ಬಟನ್ ಒತ್ತಬೇಡಿ. ಆ ಕಪ್ಪು ಪಟ್ಟಿಗಳ ನಡುವೆ ಇರುವುದೇ ಪೂರ್ತಿ ಚಿತ್ರ.

ಈ ಪೂರ್ತಿ ಚಿತ್ರ ಸಿಕ್ಕಿದ್ದು ಹೇಗೆ? ಮೂಲ ನೆಗೆಟಿವ್ ಜರ್ಮನಿಯ ಸರ್ಕಾರಿ ಸಿನಿಮಾ ಭಂಡಾರದಲ್ಲಿ ಇತ್ತು, ಪೂರ್ತಿಯಾಗಿ ಅಲ್ಲ. 2000ದ ಹೊತ್ತಿಗೆ ನೆದರ್ಲೆಂಡ್ಸ್ ಸಿನಿಮಾ ಮ್ಯೂಸಿಯಂ ಮುಂದೆ ನಿಂತು, ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಭಂಡಾರಗಳ ಜೊತೆ ಸೇರಿ, ಆ ನೆಗೆಟಿವ್ ಮತ್ತು ಬೇರೆ ಕಡೆ ಉಳಿದಿದ್ದ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಸಿನಿಮಾವನ್ನು ಮತ್ತೆ ಜೋಡಿಸಿತು. ಆಮೇಲೆ ಕಂಪ್ಯೂಟರಿನಲ್ಲಿ ಗೀರು, ಧೂಳು ತೆಗೆಯುವ ಕೆಲಸ ಆಯಿತು. ಸೆಕೆಂಡಿಗೆ 24 ಚಿತ್ರ. 110 ನಿಮಿಷ ಅಂದರೆ 1,58,400 ಚಿತ್ರಗಳು. ಒಂದೊಂದನ್ನೂ ನೋಡಬೇಕು. ಹಾಗಾದರೂ 117ರಲ್ಲಿ ಸುಮಾರು ಏಳು ನಿಮಿಷ ಸಿಗಲಿಲ್ಲ.

ಸದ್ದಿನ ಕೆಲಸ ಇನ್ನೂ ಸೂಕ್ಷ್ಮ. ಹಳೆಯ ರೀಲಿನ ‘ಸ್ಸ್’ ಸದ್ದನ್ನು ಕಂಪ್ಯೂಟರಿನಿಂದ ಪೂರ್ತಿ ಒರೆಸಿಬಿಡಬಹುದು. ಆದರೆ ಜಾಸ್ತಿ ಒರೆಸಿದರೆ ಅದರ ಜೊತೆಗೆ ನಟರ ಉಸಿರೂ ಹೋಗುತ್ತದೆ, ಕೋಣೆಯ ಗುಂಯ್‌ಗುಡುವಿಕೆಯೂ ಹೋಗುತ್ತದೆ. ಒಳ್ಳೆಯ ಡಿಸ್ಕಿನಲ್ಲಿ ಮಾತಿನ ದೃಶ್ಯಗಳಲ್ಲಿ ಆ ಸಣ್ಣ ಸದ್ದು ಇನ್ನೂ ಇದೆ. ಮೌನದ ದೃಶ್ಯ ಬಂದ ಕೂಡಲೇ ಅದೂ ನಿಲ್ಲುತ್ತದೆ. ಆ ರಾತ್ರಿ ನಾನು ವೈರ್ ಹುಡುಕಿದ್ದು ಅದಕ್ಕೇ.

ಅಮೆರಿಕದ ಕ್ರೈಟೀರಿಯನ್ ಕಂಪನಿ 1998ರಲ್ಲಿ ‘ಎಂ’ನ ಡಿವಿಡಿ ತಂದಿತು. ಈ ದುರಸ್ತಿಯ ಮೇಲೆ 2004ರಲ್ಲಿ ಎರಡು ಡಿಸ್ಕಿನ ಹೊಸ ಡಿವಿಡಿ, 2010ರಲ್ಲಿ ಬ್ಲೂ-ರೇ. ಇಂಗ್ಲೆಂಡಿನ ಯುರೇಕಾ ಕಂಪನಿಯೂ 2010ರಲ್ಲಿ ಬ್ಲೂ-ರೇ ತಂದಿತು. ಡಿಸ್ಕಿನ ಜೊತೆ ಬರುವ ಹೆಚ್ಚುವರಿ ಸಾಮಗ್ರಿಗಳಲ್ಲಿ ನನಗೆ ಇಷ್ಟವಾದವು ಎರಡು. ಒಂದು, 1970ರ ದಶಕದಲ್ಲಿ ಲಾಂಗ್ ಜೊತೆ ಅಮೆರಿಕದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ನಡೆಸಿದ ಮಾತುಕತೆ. ಇನ್ನೊಂದು, 1932ರ ಇಂಗ್ಲಿಷ್ ‘ಎಂ’. ಆಗ ಡಬ್ಬಿಂಗ್ ಇನ್ನೂ ಗಟ್ಟಿಯಾಗಿರಲಿಲ್ಲ. ಕೆಲವು ದೃಶ್ಯಗಳನ್ನು ಇಂಗ್ಲಿಷಿನಲ್ಲಿ ಮತ್ತೆ ಶೂಟ್ ಮಾಡಿದರು. ಬಹಳ ವರ್ಷ ಕಳೆದೇ ಹೋಗಿತ್ತು ಅಂದುಕೊಂಡಿದ್ದ ಅದು ಸಿಕ್ಕಿ ಡಿಸ್ಕಿಗೆ ಬಂತು. ಅದರಲ್ಲಿ ಕೊಲೆಗಾರನ ಪಾತ್ರ ಮಾಡಿದ ಪೀಟರ್ ಲೋರೆ ಕೊನೆಯ ದೊಡ್ಡ ಮಾತನ್ನು ತಾವೇ ಇಂಗ್ಲಿಷಿನಲ್ಲಿ ಆಡಿದ್ದಾರೆ. ಎರಡನ್ನೂ ಒಂದಾದ ಮೇಲೊಂದು ನೋಡಿ. ಮುಖ ಅದೇ, ನೋವು ಅದೇ, ಆದರೆ ಜರ್ಮನ್ ಮಾತು ಅವರ ಹೊಟ್ಟೆಯಿಂದ ಬರುತ್ತದೆ, ಇಂಗ್ಲಿಷ್ ಬಾಯಿಂದ ಬರುತ್ತದೆ.

ಲೋರೆ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆಗ ಅವರಿಗೆ 26 ವರ್ಷ. ರಂಗಭೂಮಿಯಲ್ಲಿ ಹೆಸರು ಮಾಡುತ್ತಿದ್ದವರು. ಕೊಲೆಗಾರ ಹಾನ್ಸ್ ಬೆಕರ್ಟ್ ಪಾತ್ರ. ದುಂಡು ಮುಖ, ದೊಡ್ಡ ಕಣ್ಣು, ಮಗುವಿನ ಹಾಗೆ. ಸಿನಿಮಾದ ಬಹುಪಾಲು ಅವರು ಮಾತೇ ಆಡುವುದಿಲ್ಲ. ಅವರ ಗುರುತು ಒಂದು ಸಿಳ್ಳೆ. ಗ್ರೀಗ್ ಅವರ ‘ಪೀರ್ ಗಿಂಟ್’ ಸಂಗೀತದ ಒಂದು ತುಣುಕು. ಲೋರೆಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ, ಹಾಗಾಗಿ ತಾನೇ ಹಾಕಿದೆ ಅಂತ ಲಾಂಗ್ ಹೇಳಿಕೊಂಡಿದ್ದಾರೆ. ಶ್ರುತಿ ಸ್ವಲ್ಪ ತಪ್ಪಿದೆ. ತಪ್ಪಿದ್ದೇ ಒಳ್ಳೆಯದಾಯಿತು.

ಇಡೀ ಪೊಲೀಸ್ ಪಡೆ ಹುಡುಕುತ್ತದೆ. ಇನ್ಸ್‌ಪೆಕ್ಟರ್ ಲೋಮಾನ್ ನಕ್ಷೆ ಹರಡುತ್ತಾನೆ, ಕೆಂಪು ಪೆನ್ಸಿಲಿನ ಗುರುತು ಹುಡುಕಿಸುತ್ತಾನೆ, ಸಿಗರೇಟಿನ ತುಂಡು ಹುಡುಕಿಸುತ್ತಾನೆ. ಊರಿನ ಕಳ್ಳರೂ ಬೇರೆ ಹುಡುಕುತ್ತಾರೆ, ದಾಳಿಗಳಿಂದ ಅವರ ಕಸುಬಿಗೆ ಏಟು ಬಿದ್ದಿರುತ್ತದೆ. ಪೊಲೀಸರದೊಂದು ಸಭೆ, ಕಳ್ಳರದೊಂದು ಸಭೆ, ಈ ಎರಡನ್ನೂ ಲಾಂಗ್ ಹೆಣೆಯುವ ರೀತಿ ನೋಡಿ. ಕಳ್ಳರ ನಾಯಕ ಕೈ ಬೀಸಿ ಶುರು ಮಾಡಿದ್ದನ್ನು ಪೊಲೀಸ್ ಮುಖ್ಯಸ್ಥ ಮುಗಿಸುತ್ತಾನೆ. ಆದರೆ ಕೊನೆಗೆ ಕೊಲೆಗಾರನನ್ನು ಗುರುತು ಹಿಡಿಯುವುದು ಕಣ್ಣಿದ್ದ ಯಾರೂ ಅಲ್ಲ. ಎಲ್ಸಿಗೆ ಬಲೂನು ಮಾರಿದ್ದ, ಕಣ್ಣು ಕಾಣದ ಮುದುಕ. ಬೀದಿಯಲ್ಲಿ ಅದೇ ಸಿಳ್ಳೆ ಮತ್ತೆ ಕೇಳಿಸುತ್ತದೆ. ಅವನು ತಲೆ ಎತ್ತುತ್ತಾನೆ. ಒಬ್ಬ ಹುಡುಗನನ್ನು ಕರೆದು ಹೇಳುತ್ತಾನೆ. ಆ ಹುಡುಗ ಅಂಗೈ ಮೇಲೆ ಸೀಮೆಸುಣ್ಣದಲ್ಲಿ ‘ಎಂ’ ಅಂತ ದಪ್ಪಗೆ ಬರೆದುಕೊಂಡು, ಎಡವಿದವನ ಹಾಗೆ ನಟಿಸಿ, ಬೆಕರ್ಟನ ಕೋಟಿನ ಭುಜಕ್ಕೆ ಒತ್ತುತ್ತಾನೆ. ಜರ್ಮನ್ ಭಾಷೆಯಲ್ಲಿ ಕೊಲೆಗಾರ ಅನ್ನುವ ಪದದ ಮೊದಲ ಅಕ್ಷರ ಅದು.

ಈ ಮುದುಕನ ಇನ್ನೊಂದು ಕ್ಷಣ ಇದೆ, ಬಹಳ ಜನ ಗಮನಿಸುವುದಿಲ್ಲ. ಭಿಕ್ಷುಕರು ಸೇರುವ ಜಾಗದಲ್ಲಿ ಕೈಯಿಂದ ತಿರುಗಿಸುವ ಸಂಗೀತದ ಪೆಟ್ಟಿಗೆಯೊಂದು ಅಪಸ್ವರದಲ್ಲಿ ನುಡಿಯುತ್ತದೆ. ಮುದುಕ ಸಹಿಸಲಾರದೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ಆಗ ನಮಗೂ ಸದ್ದು ನಿಲ್ಲುತ್ತದೆ. ಅವನು ಕೈ ತೆಗೆದರೆ ನಮಗೂ ಕೇಳಿಸುತ್ತದೆ. ಟಾಕಿ ಹುಟ್ಟಿ ನಾಲ್ಕು ದಿನ ಆಗಿಲ್ಲ, ಆಗಲೇ ಇನ್ನೊಬ್ಬನ ಕಿವಿಯೊಳಗೆ ನಮ್ಮನ್ನು ಕೂರಿಸುವುದು ಈ ನಿರ್ದೇಶಕರಿಗೆ ಹೊಳೆದಿತ್ತು. ಬೆಕರ್ಟ್ ಕೂಡ ಒಂದು ಕಡೆ ಕಿವಿ ಒತ್ತಿ ಹಿಡಿಯುತ್ತಾನೆ. ಆದರೆ ಸಿಳ್ಳೆ ನಿಲ್ಲುವುದಿಲ್ಲ. ಅದು ಅವನ ತಲೆಯೊಳಗೇ ಇದೆ.

ಆ ಮುದುಕನ ಪಾತ್ರ ಮಾಡಿದವರು ಗಿಯೋರ್ಗ್ ಯೋನ್. ಲಾಂಗ್ ಅವರ ಹಲವು ಸಿನಿಮಾಗಳಲ್ಲಿ ಇದ್ದವರು. ಯಹೂದಿ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಅವರಿಗೆ ಸಿನಿಮಾದ ಬಾಗಿಲು ಮುಚ್ಚಿತು. 1941ರಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ ತೀರಿಕೊಂಡರು. ಲಾಂಗ್, ಲೋರೆ, ನಿರ್ಮಾಪಕ ನೆಬೆನ್‌ಸಾಲ್ ದೇಶ ಬಿಟ್ಟು ಉಳಿದುಕೊಂಡರು. 1934ರಲ್ಲಿ ‘ಎಂ’ಗೆ ನಿಷೇಧ ಬಿತ್ತು. ಅದಕ್ಕಿಂತ ಹೇಸಿಗೆಯ ಕೆಲಸ ಆಮೇಲೆ ನಡೆಯಿತು. 1940ರಲ್ಲಿ ಯಹೂದಿಗಳ ವಿರುದ್ಧ ದ್ವೇಷ ಕಾರುವ ಒಂದು ಪ್ರಚಾರ ಚಿತ್ರದಲ್ಲಿ ಲೋರೆ ಅವರ ಕೊನೆಯ ಮಾತಿನ ತುಣುಕನ್ನು ಕತ್ತರಿಸಿ ಸೇರಿಸಿದರು. ಪಾತ್ರ ಆಡಿದ ಮಾತನ್ನು ನಟನ ಜನಾಂಗದ ಮೇಲೆ ಹೊರಿಸಿದರು. ಒಂದು ಸಿನಿಮಾವನ್ನು ಕತ್ತರಿಸುವುದು ಅಂದರೆ ಎಲ್ಲಿಯವರೆಗೆ ಹೋಗಬಹುದು ನೋಡಿ.

ಆ ಕೊನೆಯ ಮಾತು ಬರುವುದು ಹಾಳುಬಿದ್ದ ಒಂದು ಕಟ್ಟಡದಲ್ಲಿ, ಕಳ್ಳರೇ ನಡೆಸುವ ವಿಚಾರಣೆಯಲ್ಲಿ. ನಿಮಗೆ ಬೇಕಾದಾಗ ಕದಿಯುತ್ತೀರಿ, ಬೇಡವಾದರೆ ಬಿಡಬಲ್ಲಿರಿ, ನನಗೆ ಬಿಡಲು ಆಗುವುದಿಲ್ಲ ಅಂತ ಬೆಕರ್ಟ್ ಕಿರುಚುತ್ತಾನೆ. ಅಲ್ಲಿಯವರೆಗೆ ಬರೀ ಸಿಳ್ಳೆಯಾಗಿದ್ದವನು ಆ ಜಾಗದಲ್ಲಿ ಮನುಷ್ಯನ ದನಿಯಾಗುತ್ತಾನೆ. ಅವನನ್ನು ಕ್ಷಮಿಸಿ ಅಂತ ಲಾಂಗ್ ಹೇಳುವುದಿಲ್ಲ. ಕೇಳಿಸಿಕೊಳ್ಳಿ ಅನ್ನುತ್ತಾರೆ. ಜನ ‘ಕೊಲ್ಲಿ’ ಅಂತ ಕೂಗುತ್ತಾರೆ. ಆ ಕೂಗನ್ನು ಕೇಳುವಾಗ, ಎರಡೇ ವರ್ಷದಲ್ಲಿ ಆ ದೇಶಕ್ಕೆ ಏನಾಯಿತು ಅನ್ನುವುದು ಗೊತ್ತಿರುವ ನಮಗೆ ಸುಮ್ನೆ ಕೂರಲು ಆಗುವುದಿಲ್ಲ.

ಇನ್ನೊಂದು ಹೆಸರು. ಡಿಸ್ಕಿನ ಮುಖಪುಟದಲ್ಲಿ ಎದ್ದು ಕಾಣುವುದು ಲಾಂಗ್ ಹೆಸರು. ಚಿತ್ರಕಥೆ ಬರೆದಿದ್ದು ಅವರು ಮತ್ತು ಅವರ ಹೆಂಡತಿ ಟೇಯಾ ಫೊನ್ ಹಾರ್ಬು ಇಬ್ಬರೂ ಸೇರಿ. ಬಟ್ಟೆ ಒಗೆಯುತ್ತ ಕಿವಿ ಅಂಗಳದ ಕಡೆ ಇಟ್ಟ ಆ ತಾಯಿಯನ್ನು ನೆನೆದಾಗಲೆಲ್ಲ ನನಗೆ ಟೇಯಾ ನೆನಪಾಗುತ್ತಾರೆ. ಈ ಟೇಯಾ ಕಥೆಗೆ ನಮ್ಮ ಬೆಳಗಾವಿಯ ನಂಟೂ ಇದೆ ಅಂದರೆ ನಂಬುತ್ತೀರಾ? ಭಾರತದಿಂದ ಜರ್ಮನಿಗೆ ಓದಲು ಹೋಗಿ ಬರ್ಲಿನ್ನಿನಲ್ಲಿ ಪತ್ರಕರ್ತರಾಗಿದ್ದ ಆಯಿ ತೆಂಡೂಲ್ಕರ್ ಮತ್ತು ಟೇಯಾ ಪ್ರೀತಿಸಿದರು. ಲಾಂಗ್ ಮತ್ತು ಟೇಯಾ 1933ರಲ್ಲಿ ಬೇರೆಯಾದರು. ತೆಂಡೂಲ್ಕರ್ ಯುದ್ಧಕ್ಕೆ ಮುಂಚೆ ಭಾರತಕ್ಕೆ ಮರಳಿ ಬೆಳಗಾವಿಗೆ ಬಂದರು, ಬ್ರಿಟಿಷರ ಜೈಲು ಕಂಡರು, 1945ರಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿಯವರ ಎದುರು ಇಂದುಮತಿ ಗುಣಾಜಿಯವರನ್ನು ಮದುವೆಯಾದರು. ಟೇಯಾ ಜರ್ಮನಿಯಲ್ಲೇ ಉಳಿದರು, ನಾಜಿ ಆಡಳಿತದಲ್ಲೂ ಸಿನಿಮಾಗಳಿಗೆ ಬರೆದರು. ಅದು ನನಗೆ ನುಂಗಲು ಕಷ್ಟವಾದ ವಿಷಯ. ಆದರೆ ‘ಎಂ’ನಲ್ಲಿ ಅವರ ಪಾಲನ್ನು ಅಳಿಸುವುದು ಸರಿಯಲ್ಲ.

ನನ್ನ ಮಾತು ಇಷ್ಟೇ. ಈಗ ಮೊದಲ ಎಂಟು ನಿಮಿಷ, ಕೊನೆಯ ಎರಡು ನಿಮಿಷ ತೋರಿಸುತ್ತೇನೆ. ಕೊನೆಯಲ್ಲಿ ಮೂವರು ತಾಯಂದಿರು ಕಪ್ಪು ಬಟ್ಟೆಯಲ್ಲಿ ಕೂತಿರುತ್ತಾರೆ. ಇದರಿಂದ ನಮ್ಮ ಮಕ್ಕಳು ವಾಪಸ್ ಬರುವುದಿಲ್ಲ, ಮಕ್ಕಳ ಮೇಲೆ ಇನ್ನೂ ಜಾಸ್ತಿ ಕಣ್ಣಿಡಬೇಕು ಅನ್ನುತ್ತಾಳೆ ಎಲ್ಸಿಯ ತಾಯಿ. ಪರದೆ ಕಪ್ಪಾಗುತ್ತದೆ, ಕಪ್ಪಿನ ಮೇಲೆ ಅವಳ ಕೊನೆಯ ಪದ ಬರುತ್ತದೆ: ನೀವು. ಮಗುವಿನ ದನಿಯಿಂದ ಶುರುವಾದದ್ದು ತಾಯಿಯ ದನಿಯಲ್ಲಿ ನಿಲ್ಲುತ್ತದೆ, ಎರಡೂ ಕತ್ತಲೆಯಲ್ಲಿ.

ಮಳೆಯೂ ಕಡಿಮೆಯಾದ ಹಾಗಿದೆ. ಫ್ಯಾನ್ ಆಫ್ ಮಾಡಿಸುತ್ತಿದ್ದೇನೆ, ಸ್ವಲ್ಪ ಸೆಖೆಯಾಗಬಹುದು, ಹತ್ತು ನಿಮಿಷ ಸಹಿಸಿಕೊಳ್ಳಿ. ಫೋನುಗಳನ್ನೂ ಆಫ್ ಮಾಡಿ. ಚೆಂಡು ಉರುಳುವಾಗ ಇಲ್ಲಿ ಏನೂ ಕೇಳಿಸಬಾರದು.